ಎಡಗೈ ಯಾರದು? ಬಲ ಮಿದುಳಿನ ಪಾರ್ಶ್ವವಾಯುವಿನ ಒಂದು ಪ್ರಕರಣ

ಗಂಗಾವತಿಗೆ ಹತ್ತಿರದ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಹಳ್ಳಿಯೊಂದರ ಅರವತ್ತು ದಾಟಿದ ರೈತ ಮಹಿಳೆಯೊಬ್ಬರ ಪ್ರಕರಣವಿದು. ಅವರ ಪುನಶ್ಚೇತನ ಚಿಕಿತ್ಸೆಯಲ್ಲಿ ಫಿಜಿಯೋಥೆರಪಿಸ್ಟ್ ಆಗಿ ನಾನು ಮೊದಲ ವಾರದಿಂದಲೇ ಇದ್ದೆ. ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ಕರೆಯುವಂತೆ ಇಲ್ಲಿಯೂ ಅವರನ್ನು ದೊಡ್ಡವ್ವ ಎಂದೇ ಕರೆಯುತ್ತೇನೆ. ಪಾರ್ಶ್ವವಾಯು ಎಂದರೆ ಕೈಕಾಲು ಬೀಳುವುದು, ಬಾಯಿ ಸೊಟ್ಟಗಾಗುವುದು ಎಂದಷ್ಟೇ ತಿಳಿದಿರುವವರಿಗೆ, ಅದು ಸ್ವಂತ ದೇಹದ ಅರಿವನ್ನೂ ಕೆಡಿಸಬಲ್ಲದು ಎಂಬುದನ್ನು ಮನದಟ್ಟು ಮಾಡಿಸುವುದು ನನ್ನ ಉದ್ದೇಶ; ಏಕೆಂದರೆ ಈ ಅರಿವುಗೇಡನ್ನು ಹಟವೆಂದೋ, ಬುದ್ಧಿಭ್ರಮಣೆಯೆಂದೋ, ಗಾಳಿ ಸೋಂಕೆಂದೋ ಬಗೆದು ರೋಗಿಯನ್ನು ಗದರಿಸುವ ಮನೆಗಳನ್ನು ನಮ್ಮ ಭಾಗದಲ್ಲಿ ಮತ್ತೆ ಮತ್ತೆ ನೋಡುತ್ತೇನೆ.

ದೊಡ್ಡವ್ವನಿಗೆ ಹಲವು ವರ್ಷಗಳಿಂದ ಬಿಪಿ ಇತ್ತು. ಮಾತ್ರೆಯನ್ನು ತಲೆನೋವು ಬಂದಾಗ ಮಾತ್ರ ನುಂಗುತ್ತಿದ್ದರು. ಘಟನೆಯ ದಿನ ನಸುಕಿನಲ್ಲಿ ಹೊರಸಿನಿಂದ ಏಳಲು ಹೋಗಿ ಪಕ್ಕಕ್ಕೆ ಜಾರಿ ಕುಳಿತರು. ನೋವಿರಲಿಲ್ಲ, ಎಚ್ಚರ ತಪ್ಪಿರಲಿಲ್ಲ, ಮಾತು ಕೊಂಚ ತೊದಲಿದರೂ ಅರ್ಥವಾಗುತ್ತಿತ್ತು. ಸೊಸೆ ಓಡಿ ಬಂದು ಕೇಳಿದಾಗ, ‘ಕಾಲು ಜೋಮು ಹಿಡದೈತಿ, ಆಮ್ಯಾಲೆ ಏಳ್ತೀನಿ, ನೀ ನಿನ್ ಕೆಲಸ ನೋಡು’ ಎಂದರು. ಮಗ ನೀರಿನ ಪಾಳಿಗೆಂದು ಗದ್ದೆಗೆ ಹೋಗಿದ್ದ. ಮಧ್ಯಾಹ್ನ ನೀರು ಕುಡಿಸುವಾಗ ಅದು ಎಡಗಡೆಯ ತುಟಿಯಿಂದ ಸೋರಿದ್ದನ್ನು ಕಂಡ ಮೇಲೆಯೇ ಇದು ಲಕ್ವ ಎಂಬ ಮಾತು ಬಂತು. ಆಗಲೂ ರೋಗಿಯೇ ‘ನಂಗೇನೂ ಆಗಿಲ್ಲ, ಆಸ್ಪತ್ರಿ ಯಾಕ?’ ಎಂದು ಒಪ್ಪದಿದ್ದುದರಿಂದ, ಎಣ್ಣೆ ತಿಕ್ಕಿ ಕಾಯುವುದರಲ್ಲಿ ಇನ್ನಷ್ಟು ಹೊತ್ತು ಕಳೆಯಿತು. ಆಸ್ಪತ್ರೆ ಮುಟ್ಟಿದಾಗ ಸಂಜೆಯಾಗಿತ್ತು.

ಈ ವಿಳಂಬವನ್ನು ಕುಟುಂಬದ ಅಜ್ಞಾನಕ್ಕೆ ಕಟ್ಟಿ ಕೈತೊಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಗಳೊಳಗೆ ಕೊಡಬೇಕು. ಎಡ ಮಿದುಳಿಗೆ ಪೆಟ್ಟಾದಾಗ ಬಹಳ ಮಂದಿಗೆ ಮಾತೇ ನಿಂತುಹೋಗುವುದರಿಂದ ಮನೆಯವರು ಗಾಬರಿಬಿದ್ದು ಓಡುತ್ತಾರೆ. ಬಲ ಮಿದುಳಿಗೆ ಪೆಟ್ಟಾದಾಗ ಮಾತು ಉಳಿಯುತ್ತದೆ. ಆ ಮಾತೇ ‘ನಾನು ಆರಾಮಾಗಿದ್ದೇನೆ’ ಎನ್ನುತ್ತದೆ. ಆಸ್ಪತ್ರೆಗಳಲ್ಲಿ ಪಾರ್ಶ್ವವಾಯುವಿನ ತೀವ್ರತೆಯನ್ನು ಅಳೆಯಲು ಬಳಸುವ ಎನ್‌ಐಎಚ್‌ಎಸ್‌ಎಸ್ ಮಾಪಕದಲ್ಲಿಯೂ ಈ ತಾರತಮ್ಯವಿದೆ: ಒಟ್ಟು 42 ಅಂಕಗಳಲ್ಲಿ ಭಾಷೆಗೆ ನೇರವಾಗಿ ಸಂಬಂಧಿಸಿದವು 7, ಒಂದು ಬದಿಯ ಅಲಕ್ಷ್ಯಕ್ಕೆ, ಅಂದರೆ ಆ ಬದಿಯತ್ತ ಗಮನವೇ ಹೋಗದಿರುವುದಕ್ಕೆ, ಮೀಸಲಾದವು ಕೇವಲ 2. ಮಿದುಳಿನಲ್ಲಿ ಅಷ್ಟೇ ಜಾಗ ಸತ್ತಿದ್ದರೂ ಬಲಬದಿಯ ರೋಗಿ ಕಾಗದದ ಮೇಲೆ ಹಗುರಾಗಿ ಕಾಣುತ್ತಾರೆ.

ಸ್ಕ್ಯಾನಿನಲ್ಲಿ ಬಲಬದಿಯ ಮಿಡಲ್ ಸೆರೆಬ್ರಲ್ ಆರ್ಟರಿ ರಕ್ತ ಪೂರೈಸುವ ಪ್ರದೇಶದ ದೊಡ್ಡ ಭಾಗಕ್ಕೆ ರಕ್ತ ನಿಂತಿದ್ದು ಕಂಡಿತು. ಮಿದುಳಿನ ಹೊರಮೈಯಲ್ಲಿ ಪೆರೈಟಲ್ ಭಾಗ, ಮುಂದಿನ ಹಾಲೆಯ ಹಿಂಬದಿ, ಒಳಗೆ ಮಡಚಿಕೊಂಡಿರುವ ಇನ್ಸುಲಾ, ಇವೆಲ್ಲ ಆ ಒಂದೇ ನಾಳವನ್ನು ನಂಬಿಕೊಂಡಿವೆ. ಇಸಿಜಿಯಲ್ಲಿ ಹೃದಯದ ಬಡಿತ ಲಯ ತಪ್ಪಿರುವುದು ಗೊತ್ತಾಯಿತು. ಹೆಪ್ಪು ಹೃದಯದಿಂದಲೇ ಹೋಗಿರಬೇಕು ಎಂದು ವೈದ್ಯರು ತೀರ್ಮಾನಿಸಿದರು. ಬಲ ಮಿದುಳು ನಡೆಸುವುದು ದೇಹದ ಎಡಬದಿಯನ್ನು; ಹಾಗಾಗಿ ಎಡಗೈಯಲ್ಲಿ ಚಲನೆ ಸ್ವಲ್ಪವೂ ಇರಲಿಲ್ಲ. ಎಡಗಾಲಿನ ತೊಡೆಯಲ್ಲಿ ಸ್ನಾಯು ಮಿಡಿಯುವುದಷ್ಟೇ ಕಾಣುತ್ತಿತ್ತು.

ನಾನು ಅವರನ್ನು ಮೊದಲು ನೋಡಿದಾಗ ನಡೆದ ಮಾತನ್ನು ಅಂದೇ ಬರೆದಿಟ್ಟುಕೊಂಡಿದ್ದೆ.

‘ಹೆಂಗದೀರಿ ದೊಡ್ಡವ್ವಾ?’

‘ಆರಾಮದೀನ್ರಿ.’

‘ಮತ್ತ ಆಸ್ಪತ್ರಿಗೆ ಯಾಕ ಬಂದೀರಿ?’

‘ಹುಡುಗ್ರು ಕರಕೊಂಡು ಬಂದಾರ. ಬಿಪಿ ಏರೈತಂತ.’

‘ಕೈಕಾಲು ಎಲ್ಲ ಸರಿ ಅದಾವೇನ್ರಿ?’

‘ಅದಾವ್ರಿ. ಯಾಕ?’

‘ಎಡಗೈ ಸ್ವಲ್ಪ ಮ್ಯಾಲೆತ್ರಿ ನೋಡೂಣು.’

‘ಎತ್ತೀನಲ್ರೀ.’

ಕೈ ಹಾಸಿಗೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು. ಅವರ ಮುಖದಲ್ಲಿ ಅಳುಕಿರಲಿಲ್ಲ, ಏನನ್ನೋ ಮುಚ್ಚಿಡುವವರ ಚಡಪಡಿಕೆಯೂ ಇರಲಿಲ್ಲ. ಇಂದು ಬೆಳಿಗ್ಗೆ ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ, ರೊಟ್ಟಿ ಬಡಿದು ಬಂದೆ ಎಂದರು. ಜೋಳದ ರೊಟ್ಟಿ ಬಡಿಯುವುದನ್ನು ಬಲ್ಲವರಿಗೆ ಗೊತ್ತು: ಒಂದು ಅಂಗೈ ತಟ್ಟುತ್ತಿರುವಾಗ ಇನ್ನೊಂದು ಅಂಚನ್ನು ಹಿಡಿದು ತಿರುಗಿಸುತ್ತಿರಬೇಕು, ಒಂಟಿ ಕೈಯಲ್ಲಿ ಅದು ಆಗುವ ಕೆಲಸವಲ್ಲ. ಇದನ್ನು ಮೃದುವಾಗಿ ನೆನಪಿಸಿದಾಗ ಅವರು ಎರಡೂ ಕೈಯಲ್ಲೇ ಬಡಿದೆ ಎಂದು ನಿಶ್ಚಿಂತೆಯಿಂದ ಉತ್ತರಿಸಿದರು.

ಪಾರ್ಶ್ವವಾಯು ಆದವರು ತಮಗೆ ಪಾರ್ಶ್ವವಾಯು ಆಗಿದೆ ಎಂಬುದನ್ನೇ ಅರಿಯದ ಈ ಸ್ಥಿತಿಗೆ ಫ್ರಾನ್ಸಿನ ನರವೈದ್ಯ ಜೋಸೆಫ್ ಬಬಿನ್ಸ್ಕಿ 1914ರಲ್ಲಿ ಅನೊಸೊಗ್ನೋಸಿಯ ಎಂದು ಹೆಸರಿಟ್ಟರು. ಇದನ್ನು ಅಳೆಯಲು ಇಟಲಿಯ ಎಡೊವಾರ್ಡೊ ಬಿಸಿಯಾಕ್ ಮತ್ತು ಸಂಗಡಿಗರು 1986ರಲ್ಲಿ ಕೊಟ್ಟ ಸರಳ ಮಾಪಕವೊಂದಿದೆ. ಹೇಗಿದ್ದೀರಿ ಎಂದ ಕೂಡಲೇ ರೋಗಿಯೇ ತನ್ನ ತೊಂದರೆ ಹೇಳಿಕೊಂಡರೆ ಸೊನ್ನೆ. ಕೈಕಾಲಿನ ಬಲದ ಬಗ್ಗೆ ನೇರವಾಗಿ ಕೇಳಿದಾಗ ಹೇಳಿದರೆ ಒಂದು. ಪರೀಕ್ಷೆ ಮಾಡಿ ತೋರಿಸಿದ ಮೇಲೆ ಒಪ್ಪಿದರೆ ಎರಡು. ತೋರಿಸಿದರೂ ಒಪ್ಪದಿದ್ದರೆ ಮೂರು. ದೊಡ್ಡವ್ವ ಮೊದಲ ವಾರವಿಡೀ ಮೂರರಲ್ಲಿದ್ದರು.

ವಾರ್ಡಿನಲ್ಲಿದ್ದ ಸಂಬಂಧಿಕರೊಬ್ಬರು, ಓದುಬರಹ ಇಲ್ಲದ್ದಕ್ಕೆ ಹೀಗೆ ಎಂದರು. ಈ ಮಾತನ್ನು ಅಲ್ಲಿಯೇ ಅಲ್ಲಗಳೆಯಬೇಕಾಯಿತು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರಿಗೆ 1974ರ ಡಿಸೆಂಬರ್ 31ರಂದು ಬಲ ಮಿದುಳಿನ ಪಾರ್ಶ್ವವಾಯು ಆಯಿತು. ಎಡಬದಿ ಬಿದ್ದುಹೋಗಿದ್ದರೂ ಅವರು ಅದನ್ನು ಬಿದ್ದು ಆದ ಗಾಯವೆಂದು ತಳ್ಳಿಹಾಕಿ, ಕೆಲಸಕ್ಕೆ ಮರಳಲು ಹಟ ಹಿಡಿದು, ಕೊನೆಗೆ 1975ರ ನವೆಂಬರಿನಲ್ಲಿ ನಿವೃತ್ತರಾದರು. ಅಷ್ಟು ದೊಡ್ಡ ಕಾನೂನು ಪಂಡಿತರಿಗೆ ಒದಗದ ಅರಿವು ನಮ್ಮ ದೊಡ್ಡವ್ವನಿಗೆ ಒದಗಲಿಲ್ಲ ಎಂದರೆ ಅದರಲ್ಲಿ ಓದಿನ ಪ್ರಶ್ನೆ ಎಲ್ಲಿ ಬಂತು?

ಎರಡನೆಯ ವಾರದ ಮೊದಲಿಗೆ ಸೊಸೆ ಹೆದರಿ ಬಂದು ಹೇಳಿದ ಸಂಗತಿ ಇನ್ನೂ ಗಂಭೀರವಾಗಿತ್ತು. ರಾತ್ರಿ ದೊಡ್ಡವ್ವ ತಮ್ಮ ಎಡಗೈಯನ್ನು ಬಲಗೈಯಿಂದ ಹಿಡಿದು ಹಾಸಿಗೆಯಾಚೆ ದೂಡುತ್ತ, ‘ನೆಗೆಣ್ಣಿ ಇಲ್ಲೇ ಮಲಗ್ಯಾಳೇನು, ಆಕಿ ಕೈ ತಗೀರಿ’ ಎಂದಿದ್ದರಂತೆ. ನೆಗೆಣ್ಣಿ ತೀರಿಕೊಂಡು ವರ್ಷಗಳಾಗಿದ್ದವು. ಮನೆಯವರು ಬೇರೇನನ್ನೋ ಊಹಿಸಿ, ತಾಯತ ಕಟ್ಟಿಸಲು ಹೊರಟಿದ್ದರು. ಮರುದಿನ ಅವರ ಎಡಗೈಯನ್ನೇ ಎತ್ತಿ ಕಣ್ಣೆದುರು ಹಿಡಿದು ಇದು ಯಾರ ಕೈ ಎಂದು ಕೇಳಿದೆ. ‘ನಂದಲ್ರಿ, ನಂದು ಇಲ್ಲೈತಲ್ಲ’ ಎಂದು ಬಲಗೈ ತೋರಿಸಿದರು. ಭುಜದಿಂದ ಮೊಣಕೈ, ಅಲ್ಲಿಂದ ಮುಂಗೈಯವರೆಗೆ ಅವರ ಬಲಗೈಯಿಂದಲೇ ಸವರಿಸಿದಾಗ ಒಂದು ಕ್ಷಣ ಅನುಮಾನದಿಂದ ನೋಡಿ, ಮತ್ತೆ ಅಲ್ಲವೆಂದರು. ಆ ಕೈಯಲ್ಲಿ ಹಸಿರು ಬಳೆಗಳಿದ್ದವು. ಬಳೆ ಯಾರವು ಎಂದರೆ ಆಕಿಯವೇ ಎಂದರು. ಸೊಸೆ ಅವೇ ಬಳೆಗಳನ್ನು ನಿಧಾನವಾಗಿ ಬಿಡಿಸಿ ಬಲಗೈಗೆ ತೊಡಿಸಿದಾಗ, ‘ಇವು ನನ್ನವಾ, ಹುಲಿಗೆಮ್ಮನ ಜಾತ್ರ್ಯಾಗ ಇಡಿಸ್ಕೊಂಡಿದ್ನೆಲ್ಲ’ ಎಂದು ಥಟ್ಟನೆ ಗುರುತಿಸಿದರು. ಎಡಗೈಯಲ್ಲಿರುವ ಉಂಗುರಗಳನ್ನು ತನ್ನವಲ್ಲ ಎನ್ನುತ್ತಿದ್ದ ರೋಗಿಯೊಬ್ಬರು ಅವೇ ಉಂಗುರಗಳನ್ನು ಬೇರೆಡೆ ತೋರಿಸಿದಾಗ ತನ್ನವೆಂದು ಒಪ್ಪಿಕೊಂಡದ್ದನ್ನು ಇಟಲಿಯ ಸಂಶೋಧಕರು 1996ರಲ್ಲಿ ವರದಿ ಮಾಡಿದ್ದಾರೆ. ಸ್ವಂತ ಅಂಗವನ್ನು ಬೇರೆಯವರದೆನ್ನುವ ಈ ಲಕ್ಷಣವನ್ನು 1942ರಲ್ಲಿ ಜೋಸೆಫ್ ಗೆರ್ಸ್ಟ್‌ಮನ್ ಸೊಮ್ಯಾಟೊಪ್ಯಾರಾಫ್ರೀನಿಯ ಎಂದು ಕರೆದಿದ್ದರು. ಇದು ಮನೋರೋಗವಲ್ಲ, ದೊಡ್ಡವ್ವ ಉಳಿದೆಲ್ಲ ವಿಷಯಗಳಲ್ಲಿ ಸರಿಯಾಗಿದ್ದರು. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು, ಯಾರಿಗೆ ಎಷ್ಟು ಕೊಡಬೇಕಿದೆ ಎಂಬುದೆಲ್ಲ ಅವರಿಗೆ ನೆನಪಿತ್ತು. ಈ ವಿವರಣೆ ಕೇಳಿದ ಮೇಲೆ ತಾಯತದ ಮಾತು ತಾನಾಗಿ ನಿಂತಿತು.

ಮೂರನೆಯದು ಎಡಬದಿಯ ಅಲಕ್ಷ್ಯ. ಊಟದ ತಾಟಿನಲ್ಲಿ ರೊಟ್ಟಿ ಬಲಕ್ಕೆ, ಪುಂಡಿಪಲ್ಯ ಮತ್ತು ಶೇಂಗಾ ಚಟ್ನಿ ಎಡಕ್ಕೆ ಇದ್ದರೆ, ಬರಿ ರೊಟ್ಟಿ ತಿಂದು ‘ಪಲ್ಯ ಹಾಕಿಲ್ಲ’ ಎಂದು ಸೊಸೆಯ ಮೇಲೆ ರೇಗುತ್ತಿದ್ದರು. ತಾಟನ್ನು ಅರ್ಧ ಸುತ್ತು ತಿರುಗಿಸಿದರೆ ಪಲ್ಯ ಸಿಗುತ್ತಿತ್ತು. ಸೊಸೆ ಆ ದಿನಗಳಲ್ಲಿ ಎಷ್ಟು ನೊಂದುಕೊಂಡಿದ್ದಳೆಂಬುದನ್ನು ನಂತರ ಹೇಳಿದಳು. ಅತ್ತೆ ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ಅವಳು ನಂಬಿದ್ದಳು. ಈ ಅಲಕ್ಷ್ಯವನ್ನು ಪತ್ತೆಹಚ್ಚಲು ಪುಸ್ತಕಗಳು ಹೇಳುವುದು ಕಾಗದದ ಮೇಲಿನ ಗೆರೆ ಹೊಡೆಯುವ, ಗಡಿಯಾರ ಬರೆಯುವ ಪರೀಕ್ಷೆಗಳನ್ನು. ಪೆನ್ನು ಹಿಡಿದೇ ಅಭ್ಯಾಸವಿಲ್ಲದವರಿಗೆ ಅವು ಹೊಂದುವುದಿಲ್ಲ. ಸ್ವೀಡನ್ನಿನಲ್ಲಿ ರೂಪಿಸಿ 1996ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಿದೆ: 16 ಮರದ ತುಂಡುಗಳನ್ನು ಕೊಟ್ಟು, ಒಲೆಯಲ್ಲಿ ಬೇಯಿಸಲು ಬನ್ ಜೋಡಿಸುವಂತೆ ಹಲಗೆಯ ತುಂಬ ಸಮನಾಗಿ ಹರಡಿ ಎನ್ನುವುದು. ನಾವು ಅದನ್ನು ಸಂಡಿಗೆಗೆ ಬದಲಿಸಿಕೊಂಡೆವು. ಹಾಸಿಗೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, 16 ಬೆಣಚುಕಲ್ಲುಗಳನ್ನು ಕೈಗಿತ್ತು, ಮಾಳಿಗೆಯ ಮೇಲೆ ಸಂಡಿಗೆ ಇಡುವಂತೆ ಇಡಿ ಎಂದೆವು. ದೊಡ್ಡವ್ವ ಬಹಳ ಶ್ರದ್ಧೆಯಿಂದ ಇಟ್ಟರು. ಎಲ್ಲ ಕಲ್ಲುಗಳೂ ಬಟ್ಟೆಯ ಬಲ ಅರ್ಧದಲ್ಲಿ, ಅದರಲ್ಲಿಯೂ ಬಹುಪಾಲು ಬಲ ಅಂಚಿಗೆ ಒತ್ತಾಗಿ ಕುಳಿತವು. ಎಡ ಅರ್ಧ ಪೂರ್ತಿ ಖಾಲಿ. ಇನ್ನು ಜಾಗವಿಲ್ಲ, ಬಟ್ಟೆ ಸಣ್ಣದಾಯಿತು ಎಂದು ದೂರಿದರು.

ಕಣ್ಣಿನ ದೋಷವೇ ಇದಕ್ಕೆ ಕಾರಣವೆಂದು ಮಗ ಕನ್ನಡಕದ ಅಂಗಡಿಗೆ ಕರೆದೊಯ್ಯಲು ಯೋಚಿಸುತ್ತಿದ್ದ. ಹಾಗಲ್ಲವೆಂದು ತೋರಿಸಲು ದೊಡ್ಡವ್ವನನ್ನು ಕಣ್ಣು ಮುಚ್ಚಿಸಿ, ಮನೆಯಿಂದ ಹಣಮಪ್ಪನ ಗುಡಿಗೆ ನಡೆದು ಹೋಗುವಾಗ ದಾರಿಯಲ್ಲಿ ಏನೇನು ಸಿಗುತ್ತದೆ ಎಂದು ಕೇಳಿದೆ. ಬಲಗಡೆಯ ಹಿಟ್ಟಿನ ಗಿರಣಿ, ಬಾವಿ, ಸಾಲೆ ಎಲ್ಲ ಬಂದವು; ಎಡಗಡೆಯವು ಒಂದೂ ಬರಲಿಲ್ಲ. ಗುಡಿಯಿಂದ ತಿರುಗಿ ಬರುವಾಗ ಏನು ಸಿಗುತ್ತದೆ ಎಂದಾಗ, ಮೊದಲು ಬಿಟ್ಟುಹೋಗಿದ್ದ ಕಿರಾಣಿ ಅಂಗಡಿಯೂ ಪಂಚಾಯ್ತಿ ಕಟ್ಟೆಯೂ ಬಂದವು, ಗಿರಣಿ ಮಾಯವಾಯಿತು. ಬಿಸಿಯಾಕ್ ಮತ್ತು ಲುಜ್ಜಾಟಿ 1978ರಲ್ಲಿ ಮಿಲಾನ್ ನಗರದ ಚರ್ಚಿನ ಚೌಕವನ್ನು ಎರಡು ದಿಕ್ಕುಗಳಿಂದ ನೆನೆಸಿಕೊಳ್ಳಲು ತಮ್ಮ ರೋಗಿಗಳಿಗೆ ಹೇಳಿ ಇದೇ ಸಂಗತಿಯನ್ನು ಕಂಡಿದ್ದರು. ಕೆಟ್ಟಿರುವುದು ಕಣ್ಣಲ್ಲ, ಎಡದ ಕಡೆ ಹೊರಳಬೇಕಾದ ಗಮನ. ಮಿದುಳಿನ ಎಡ ಅರ್ಧಗೋಳ ಮುಖ್ಯವಾಗಿ ಬಲಬದಿಯನ್ನಷ್ಟೇ ಗಮನಿಸುತ್ತದೆ, ಬಲ ಅರ್ಧಗೋಳ ಎರಡೂ ಬದಿಗಳನ್ನು ಗಮನಿಸುತ್ತದೆ ಎಂಬುದು ಇದಕ್ಕೆ ಹೆಚ್ಚಾಗಿ ಒಪ್ಪಿತವಾದ ವಿವರಣೆ. ಬಲ ಅರ್ಧಗೋಳ ಕೆಟ್ಟರೆ ಎಡಬದಿಯನ್ನು ನೋಡಿಕೊಳ್ಳುವವರು ಉಳಿಯುವುದಿಲ್ಲ.

ಹಾಗಾದರೆ ಕೈ ಎತ್ತದಿದ್ದರೂ ಎತ್ತಿದ್ದೇನೆ ಎಂದು ಅನ್ನಿಸುವುದೇಕೆ? ಅಲಕ್ಷ್ಯವಿದ್ದೂ ತಮ್ಮ ಪಾರ್ಶ್ವವಾಯುವನ್ನು ಬಲ್ಲವರಿದ್ದಾರೆ, ಸ್ಪರ್ಶ ಪೂರ್ತಿ ಹೋದವರಲ್ಲಿಯೂ ಬಲ್ಲವರಿದ್ದಾರೆ. ಆದ್ದರಿಂದ ಇವೆರಡೇ ಕಾರಣವಾಗಲಾರವು. ನಾವು ಕೈ ಎತ್ತಲು ಹೊರಟಾಗ ಮಿದುಳು ಸ್ನಾಯುಗಳಿಗೆ ಅಪ್ಪಣೆ ಕೊಡುವುದರ ಜೊತೆಗೆ, ಎತ್ತಿದರೆ ಹೇಗನ್ನಿಸಬೇಕು ಎಂಬ ಮುನ್ನಂದಾಜನ್ನೂ ಮಾಡುತ್ತದೆ. ಆಮೇಲೆ ಕೈಯಿಂದ ಬಂದ ಸುದ್ದಿಯೊಂದಿಗೆ ಅದನ್ನು ತಾಳೆ ನೋಡುತ್ತದೆ. ಅಪ್ಪಣೆ ಹೊರಟು, ಮುನ್ನಂದಾಜು ಸಿದ್ಧವಾಗಿ, ತಾಳೆ ನೋಡುವ ವ್ಯವಸ್ಥೆಯೇ ಕೆಟ್ಟಿದ್ದರೆ, ಮುನ್ನಂದಾಜೇ ಅನುಭವವಾಗಿ ಉಳಿಯುತ್ತದೆ. ದೊಡ್ಡವ್ವನ ಪಾಲಿಗೆ ಕೈ ನಿಜಕ್ಕೂ ಎದ್ದಿತ್ತು. ಸಂಶೋಧಕರಲ್ಲಿ ಈ ವಿವರಣೆಯ ಬಗ್ಗೆ ಚರ್ಚೆ ಮುಗಿದಿಲ್ಲವಾದರೂ, ನಾನು ಕಂಡ ರೋಗಿಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಕೈ ತನ್ನದೆಂಬ ಭಾವಕ್ಕೂ ಬಲ ಇನ್ಸುಲಾಕ್ಕೂ ಇರುವ ನಂಟನ್ನು ಜರ್ಮನಿಯ ಬೈಯರ್ ಮತ್ತು ಕಾರ್ನಾಥ್ 2008ರಲ್ಲಿ ತೋರಿಸಿದರು. ದೇಹ ನನ್ನದು ಎಂಬುದು ಹುಟ್ಟಿನಿಂದ ಗಟ್ಟಿಯಾಗಿ ನಿಂತ ಸಂಗತಿಯಲ್ಲ, ಮಿದುಳು ಗಳಿಗೆ ಗಳಿಗೆಗೂ ಕಟ್ಟುತ್ತಿರುವ ಸಂಗತಿ. ಆರೋಗ್ಯವಂತರಲ್ಲಿಯೂ, ಮರೆಯಲ್ಲಿಟ್ಟ ನಿಜವಾದ ಕೈಯನ್ನೂ ಕಣ್ಣೆದುರಿನ ರಬ್ಬರ್ ಕೈಯನ್ನೂ ಒಟ್ಟಿಗೆ ಕುಂಚದಿಂದ ಸವರಿದರೆ ಕೆಲ ನಿಮಿಷಗಳಲ್ಲಿ ರಬ್ಬರ್ ಕೈಯೇ ತನ್ನದೆನಿಸತೊಡಗುತ್ತದೆ ಎಂಬುದನ್ನು 1998ರ ಪ್ರಯೋಗ ತೋರಿಸಿದೆ.

ಚಿಕಿತ್ಸೆಯ ಮೊದಲ ಹೆಜ್ಜೆ ಅಪಾಯ ತಪ್ಪಿಸುವುದಾಗಿತ್ತು. ತನಗೆ ನಡೆಯಲು ಬರುತ್ತದೆ ಎಂದು ನಂಬಿದವರು ನಡೆಯಲು ಏಳುತ್ತಾರೆ, ಬೀಳುತ್ತಾರೆ. ಹಾಸಿಗೆಯನ್ನು ತಗ್ಗಿಸಿ, ರಾತ್ರಿ ಪಕ್ಕದಲ್ಲಿ ಒಬ್ಬರು ಮಲಗುವಂತೆ ಮಾಡಿದೆವು. ಎಡಗೈ ಮೈಕೆಳಗೆ ಸಿಕ್ಕರೂ, ಗಾಲಿಕುರ್ಚಿಯ ಚಕ್ರಕ್ಕೆ ಸಿಕ್ಕರೂ ಅವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಕೈ ಸದಾ ತೊಡೆಯ ಮೇಲಿನ ದಿಂಬಿನಲ್ಲಿ, ಕಣ್ಣಿಗೆ ಕಾಣುವಂತೆ ಇರಬೇಕೆಂದು ಹೇಳಿಕೊಟ್ಟೆವು. ಎತ್ತಿ ಕೂರಿಸುವಾಗ ಆ ಕೈ ಹಿಡಿದು ಜಗ್ಗಬಾರದೆಂದು ಮಗನಿಗೆ ಎಷ್ಟು ಸಲ ಹೇಳಿದರೂ ಸಾಲದಾಯಿತು. ಭುಜದ ಕೀಲು ಸಡಿಲಾಗಿ ಜಾರಿದರೆ ಆಮೇಲಿನ ನೋವು ವರ್ಷಗಟ್ಟಲೆ ಕಾಡುತ್ತದೆ.

ಗಮನವನ್ನು ಎಡಕ್ಕೆ ತರುವ ಕೆಲಸ ನಿಧಾನದ್ದು. ಮೊದಲ ದಿನಗಳಲ್ಲಿ ಬಲಗಡೆಯಿಂದ ಮಾತಾಡಿಸಿ, ಅವರು ನೋಡಿದ ಮೇಲೆ ಮಾತಾಡುತ್ತಲೇ ಎಡಕ್ಕೆ ಸರಿಯುವುದು; ತಾಟಿನ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ, ‘ಕೆಂಪು ಕಾಣೂತನ ನೋಡಬೇಕ್ರಿ ಅತ್ತಿ’ ಎಂದು ಸೊಸೆ ಪ್ರತಿ ಊಟಕ್ಕೂ ಹೇಳುವುದು; ಮೊರದಲ್ಲಿ ಶೇಂಗಾ ಹರಡಿ ಎಡ ಅಂಚಿನಿಂದ ಆರಿಸಲು ಹಚ್ಚುವುದು. ನೋಟವನ್ನು ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿ ಅಭ್ಯಾಸ ಮಾಡಿಸಿದರೆ, ಅದನ್ನು ತೆಗೆದ ಮೇಲೆ ಗಮನ ಎಡಕ್ಕೆ ವಾಲುತ್ತದೆ ಎಂದು ಫ್ರೆಂಚ್ ಸಂಶೋಧಕರು 1998ರಲ್ಲಿ ವರದಿ ಮಾಡಿದ್ದರು. ನಮ್ಮಲ್ಲಿ ಆ ಕನ್ನಡಕ ಇರಲಿಲ್ಲ. ಎಡಗಿವಿಗೆ ತಣ್ಣೀರು ಬಿಟ್ಟರೆ ಅಲಕ್ಷ್ಯವೂ ಕೈ ತನ್ನದಲ್ಲವೆಂಬ ಭ್ರಮೆಯೂ ಸ್ವಲ್ಪ ಹೊತ್ತು ಮಾಯವಾಗುತ್ತವೆ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ವಿಸ್ಮಯದ ಸಂಗತಿ ನಿಜ, ಆದರೆ ಪರಿಣಾಮ ಬೇಗ ಇಳಿದುಹೋಗುವುದರಿಂದ ಚಿಕಿತ್ಸೆಯಾಗಿ ನಿಲ್ಲುವುದಿಲ್ಲ. ಮನೆಯಲ್ಲಿ ಯಾರೂ ಮಾಡಿ ನೋಡಬಾರದು.

ಕೈ ನೆಗೆಣ್ಣಿಯದೆನ್ನುವುದು ಮೂರನೆಯ ವಾರದ ಹೊತ್ತಿಗೆ ತಾನಾಗಿಯೇ ಕಡಿಮೆಯಾಯಿತು. ಪಾರ್ಶ್ವವಾಯು ಆಗಿಲ್ಲವೆನ್ನುವುದು ಮಾತ್ರ ಉಳಿಯಿತು, ಅದರಿಂದ ವ್ಯಾಯಾಮಕ್ಕೆ ಅವರು ಮನಸ್ಸು ಕೊಡುತ್ತಿರಲಿಲ್ಲ. ಸರಿಯಿರುವ ಕೈಗೆ ಔಷಧ ಯಾಕೆ ಎಂಬ ಅವರ ಪ್ರಶ್ನೆ ಅವರ ಮಟ್ಟಿಗೆ ನ್ಯಾಯವಾದದ್ದೇ. ತಾನು ಕೈ ಎತ್ತಲು ಯತ್ನಿಸುವುದನ್ನು ವಿಡಿಯೊದಲ್ಲಿ ಹೊರಗಿನವರಂತೆ ನೋಡಿದ ರೋಗಿಯೊಬ್ಬರಿಗೆ ಅರಿವು ಒಮ್ಮೆಲೆ ಮರಳಿದ್ದನ್ನು ಫೋಟೊಪೌಲೌ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದರು. ಇದನ್ನು ಮಾಡಬೇಕೇ ಬೇಡವೇ ಎಂದು ನಾವು ಬಹಳ ಯೋಚಿಸಿದೆವು. ಅರಿವು ಬಂದರೆ ದುಃಖವೂ ಬರುತ್ತದೆ. ಆದರೂ ಅರಿವಿಲ್ಲದೆ ಮತ್ತೆ ಬಿದ್ದು ತೊಡೆಮೂಳೆ ಮುರಿದುಕೊಳ್ಳುವುದಕ್ಕಿಂತ ಅದು ಲೇಸು ಎಂಬ ತೀರ್ಮಾನಕ್ಕೆ ಬಂದು, ಮಗ, ಸೊಸೆ, ವೈದ್ಯರು ಎಲ್ಲರೂ ಇರುವ ಹೊತ್ತಿನಲ್ಲಿ, ಅವರನ್ನೇ ಕೇಳಿ, ಸೊಸೆಯ ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದೆವು. ದೊಡ್ಡವ್ವ ಎರಡು ಸಲ ನೋಡಿದರು. ‘ಯವ್ವಾ, ಇದು ಸತ್ತ ಕೈ ಐತಲ್ಲೋ’ ಎಂದರು. ಮೊದಲ ಬಾರಿಗೆ ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಿಗೆ ಹಾಕಿಕೊಂಡರು.

ಹತ್ತಾರು ದಿನ ಅವರು ಸರಿಯಾಗಿ ಉಣ್ಣಲಿಲ್ಲ, ನಿದ್ದೆ ಕೆಟ್ಟಿತು, ಮನೆಗೆ ಹೊರೆಯಾದೆ ಎಂದು ಅಳುತ್ತಿದ್ದರು. ಮನೋವೈದ್ಯರು ನೋಡಿ ಮಾತ್ರೆ ಕೊಟ್ಟರು. ವಿಡಿಯೊ ತೋರಿಸುವ ಮೊದಲೇ ಈ ಹಂತಕ್ಕೆ ಮನೆಯವರನ್ನು ಸಿದ್ಧಮಾಡಿದ್ದರಿಂದ ಅವರು ಎದೆಗುಂದಲಿಲ್ಲ. ಇಂಥ ಸಿದ್ಧತೆಯಿಲ್ಲದೆ, ಬರಿ ವಾದದಲ್ಲಿ ಗೆಲ್ಲಲೆಂದು ರೋಗಿಗೆ ವಿಡಿಯೊ ತೋರಿಸುವುದು ಕ್ರೌರ್ಯವಾದೀತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಳುತ್ತಲೇ ಇದ್ದರೂ ವ್ಯಾಯಾಮಕ್ಕೆ ಮಾತ್ರ ದೊಡ್ಡವ್ವ ಆ ವಾರದಿಂದ ತಾವೇ ಸಮಯ ಕೇಳತೊಡಗಿದರು, ಏಳುವ ಮುಂಚೆ ಯಾರನ್ನಾದರೂ ಕೂಗುವುದನ್ನೂ ಕಲಿತರು.

ಏಳನೆಯ ತಿಂಗಳಿನಲ್ಲಿ ನೋಡಿದಾಗ, ಪಾದಕ್ಕೆ ಸ್ಪ್ಲಿಂಟ್ ಕಟ್ಟಿಕೊಂಡು, ಕೋಲು ಹಿಡಿದು, ಒಬ್ಬರು ಎಡಕ್ಕೆ ನಿಂತರೆ ಅಂಗಳ ದಾಟುತ್ತಾರೆ. ಎಡಗೈಗೆ ಕೆಲಸದ ಶಕ್ತಿ ಬಂದಿಲ್ಲ, ಬರುವ ನಿರೀಕ್ಷೆಯೂ ಕಡಿಮೆ. ಸಂಡಿಗೆ ಪರೀಕ್ಷೆಯಲ್ಲಿ ಕಲ್ಲುಗಳು ಬಟ್ಟೆಯ ಎಡಕ್ಕೂ ಬರುತ್ತವೆ; ದಣಿದ ಸಂಜೆಗಳಲ್ಲಿ ಮತ್ತೆ ಬಲಕ್ಕೆ ಜರುಗುತ್ತವೆ, ಬಾಗಿಲಿನ ಎಡಗಂಬಕ್ಕೆ ಭುಜ ತಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಮತ್ತು ಬಿಪಿ ಮಾತ್ರೆ ತಪ್ಪದೆ ನಡೆದಿವೆ. ಆ ಲೆಕ್ಕ ಮೊಮ್ಮಗಳದು. ಮನೆಯಲ್ಲಿ ಈಗ ನಡೆದಿರುವ ತಕರಾರು ಒಲೆಯ ಮುಂದೆ ಕೂರುವುದರ ಬಗ್ಗೆ. ದೊಡ್ಡವ್ವ ಹಿಟ್ಟು ನಾದಿಕೊಡುತ್ತೇನೆ ಎನ್ನುತ್ತಾರೆ, ಮಗ ಬೇಡವೆನ್ನುತ್ತಾನೆ. ಎಡಗೈಗೆ ಬಿಸಿ ತಿಳಿಯದಿರುವಾಗ ಹಂಚಿನ ಹತ್ತಿರ ಒಬ್ಬರೇ ಕೂರುವುದು ಬೇಡ, ಹಗಲು ಹೊತ್ತಿನಲ್ಲಿ, ಒಲೆ ಅವರ ಬಲಕ್ಕೆ ಬರುವಂತೆ ಮಣೆ ಹಾಕಿ, ಸೊಸೆ ಎದುರಿಗಿದ್ದರೆ ನಾದಲಿ ಎಂದು ನಾನು ಹೇಳಿದ್ದೇನೆ. ಮುಂದಿನ ತಪಾಸಣೆಯವರೆಗೆ ಹಾಗೆಯೇ ನಡೆಸಿ ನೋಡುವುದೆಂದು ಒಪ್ಪಿದ್ದಾರೆ.